ಕಿರು ವಿಡಿಯೊದಲ್ಲಿ ಹಲವು ಧ್ವನಿಗಳ ಹೆಣಿಗೆ: ಆಡಿಯೊ ಟ್ರ್ಯಾಕ್‌ಗಳನ್ನು ಪದರ ಪದರವಾಗಿ ಜೋಡಿಸುವ ಸಮಗ್ರ ಮಾರ್ಗದರ್ಶಿ

ಸೈಕಲ್ ಚಕ್ರಕ್ಕೆ ಪಂಕ್ಚರ್ ಹಾಕುವುದನ್ನು ತೋರಿಸುವ ನಲವತ್ತು ಸೆಕೆಂಡುಗಳ ಒಂದು ವಿಡಿಯೊವನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ವಿವರಣೆಯ ಮಾತಿದೆ, ಟೈರು ಬಿಚ್ಚುವ ಸದ್ದಿದೆ, ಟ್ಯೂಬಿನಿಂದ ಗಾಳಿ ಸುಯ್ಯೆಂದು ಹೊರಬರುವ ಸದ್ದಿದೆ, ಕೆಳಗೆ ಲವಲವಿಕೆಯ ಸಂಗೀತವಿದೆ. ಒಂದೊಂದನ್ನೇ ಕೇಳಿದರೆ ನಾಲ್ಕೂ ಚೆನ್ನಾಗಿವೆ. ಒಟ್ಟಿಗೆ ಕೇಳಿದರೆ ಮಾತು ಅರ್ಧ ಮುಳುಗುತ್ತದೆ, ಗಾಳಿಯ ಸದ್ದು ಗದ್ದಲವಾಗುತ್ತದೆ, ಸಂಗೀತ ಕಿರಿಕಿರಿ ಎನಿಸುತ್ತದೆ. ನೋಡುವವರು ಹತ್ತನೆಯ ಸೆಕೆಂಡಿಗೇ ಬೆರಳು ಜಾರಿಸಿ ಮುಂದೆ ಹೋಗುತ್ತಾರೆ.

ಹೀಗಾದಾಗ ನಾವು ಮೈಕನ್ನು ದೂರುತ್ತೇವೆ, ಇಲ್ಲವೇ ಆ್ಯಪ್ ಬದಲಿಸುತ್ತೇವೆ. ನಾನು ಕಂಡ ಮಟ್ಟಿಗೆ ತೊಂದರೆ ಇರುವುದು ಬೇರೆ ಕಡೆ: ಯಾವ ಕ್ಷಣದಲ್ಲಿ ಯಾವ ಧ್ವನಿ ಮುಂದೆ ನಿಲ್ಲಬೇಕೆಂದು ಯಾರೂ ತೀರ್ಮಾನಿಸಿರುವುದಿಲ್ಲ. ಈ ಬರಹದಲ್ಲಿರುವ ಎಲ್ಲ ಹಂತಗಳೂ ಆ ಒಂದು ತೀರ್ಮಾನವನ್ನು ಕೈಗೂಡಿಸುವ ದಾರಿಗಳು.

ನಮ್ಮ ಕಿವಿಗೆ ಒಂದು ಮಿತಿ ಇದೆ. ಚಲನಚಿತ್ರಗಳ ಧ್ವನಿ ಸಂಯೋಜಕ ವಾಲ್ಟರ್ ಮರ್ಚ್ ಯಂತ್ರಮಾನವರ ಹೆಜ್ಜೆಯ ಸದ್ದನ್ನು ಚಿತ್ರಕ್ಕೆ ಹೊಂದಿಸುತ್ತಿದ್ದಾಗ ಇದನ್ನು ಗುರುತಿಸಿದರು. ಒಬ್ಬರು ನಡೆಯುತ್ತಿದ್ದರೆ ಪ್ರತಿ ಹೆಜ್ಜೆಗೂ ಸದ್ದು ಸರಿಯಾಗಿ ಹೊಂದಬೇಕು. ಇಬ್ಬರಿದ್ದರೂ ಹೊಂದಬೇಕು. ಮೂವರಾದ ಕೂಡಲೇ ಸದ್ದು ಆಚೀಚೆಯಾದರೂ ಗೊತ್ತಾಗುವುದಿಲ್ಲ. ಕಿವಿ ಎಣಿಸುವುದನ್ನು ಬಿಟ್ಟು 'ಗುಂಪು ನಡೆಯುತ್ತಿದೆ' ಎಂದಷ್ಟೇ ತಿಳಿಯುತ್ತದೆ. ಅವರು ಇದನ್ನು ಎರಡೂವರೆಯ ನಿಯಮ ಎಂದು ಕರೆದರು. ಟೈಮ್‌ಲೈನ್‌ನಲ್ಲಿ, ಅಂದರೆ ಆ್ಯಪ್‌ನಲ್ಲಿ ಚಿತ್ರ ಮತ್ತು ಧ್ವನಿಯ ತುಣುಕುಗಳನ್ನು ಸೆಕೆಂಡುಗಳ ಕ್ರಮದಲ್ಲಿ ಜೋಡಿಸುವ ಪಟ್ಟಿಯಲ್ಲಿ, ಎಂಟು ಟ್ರ್ಯಾಕ್‌ಗಳಿದ್ದರೂ ಅಡ್ಡಿಯಿಲ್ಲ. ಒಂದು ಕ್ಷಣದಲ್ಲಿ ಬೇರೆಬೇರೆಯಾಗಿ ಕೇಳಬೇಕಾದವು ಎರಡನ್ನು ಮೀರಬಾರದು.

ಆ್ಯಪ್ ತೆರೆಯುವ ಮೊದಲು: ಕಾಗದದ ಮೇಲೆ

ಕಿರು ವಿಡಿಯೊದ ಧ್ವನಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿಕೊಳ್ಳುವುದು ನನ್ನ ರೂಢಿ. ಮಾತು, ಅಂದರೆ ಕ್ಯಾಮೆರಾ ಮುಂದೆ ಆಡಿದ್ದು ಅಥವಾ ಆಮೇಲೆ ಓದಿ ಸೇರಿಸಿದ ವಾಯ್ಸ್ ಓವರ್. ಚಿತ್ರೀಕರಣದ ಜಾಗದಲ್ಲಿ ತಾನಾಗಿ ದಾಖಲಾದ ಸದ್ದು. ಬೇರೆಯಾಗಿ ಸೇರಿಸುವ ಸೌಂಡ್ ಎಫೆಕ್ಟ್. ಕೊನೆಯದು ಸಂಗೀತ. ಒಂದು ಕಾಗದದ ಮೇಲೆ ವಿಡಿಯೊದ ಸೆಕೆಂಡುಗಳನ್ನು ಬರೆದು, ಪ್ರತಿ ತುಣುಕಿನ ಎದುರು ಒಡೆಯನ ಸ್ಥಾನ ಯಾವ ಧ್ವನಿಗೆ ಎಂದು ಗುರುತು ಹಾಕಿಕೊಳ್ಳಿ. ಪಂಕ್ಚರ್ ವಿಡಿಯೊಗೆ ಅದು ಹೀಗಿರಬಹುದು:

- 0–3: ಗಾಳಿ ಸೋರುವ ಸದ್ದು ಮಾತ್ರ.
- 3–12: ಮಾತು ಮುಂದೆ. ಸಂಗೀತ ಬಹಳ ಹಿಂದೆ.
- 12–16: ಮಾತಿಲ್ಲ. ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಸದ್ದು ಮುಂದೆ, ಸಂಗೀತ ಒಂದು ಮೆಟ್ಟಿಲು ಮೇಲೆ.
- 16–30: ಮತ್ತೆ ಮಾತು. ಟ್ಯೂಬನ್ನು ನೀರಿನಲ್ಲಿ ಅದ್ದಿದಾಗ ಗುಳ್ಳೆಯ ಸದ್ದು ಒಮ್ಮೆ.
- 30–36: ಸಂಗೀತ ಮುಂದೆ, ಪಂಪ್ ಒತ್ತುವ ಸದ್ದು ಅದರ ತಾಳಕ್ಕೆ.
- 36–40: ಎಲ್ಲವೂ ನಿಂತು ಚಕ್ರ ತಿರುಗುವ ಸದ್ದು ಮಾತ್ರ.

ಇದಕ್ಕೆ ಐದು ನಿಮಿಷ ಸಾಕು. ಆದರೆ ಮುಂದಿನ ಒಂದು ಗಂಟೆಯ ಕೆಲಸ ಇದರಿಂದ ಉಳಿಯುತ್ತದೆ. ಈ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಎರಡು ಕಡೆ 'ಮುಂದೆ' ಎಂದು ಬರೆದಿದ್ದರೆ ಅಲ್ಲಿಯೇ ನಿಲ್ಲಿ, ಒಂದನ್ನು ಆರಿಸಿ. ಹಾಡಿನ ಸಾಹಿತ್ಯ ಮತ್ತು ನಿಮ್ಮ ವಿವರಣೆ ಒಟ್ಟಿಗೆ ಬರುವಂತಿದ್ದರೆ ಇನ್ನೂ ಕಟ್ಟುನಿಟ್ಟಾಗಿರಿ. ಎರಡೂ ಮಾತುಗಳೇ ಆದ್ದರಿಂದ ಮಿದುಳು ಎರಡನ್ನೂ ಅರ್ಥ ಮಾಡಿಕೊಳ್ಳಲು ಹೊರಟು ಎರಡನ್ನೂ ಕಳೆದುಕೊಳ್ಳುತ್ತದೆ. ಮಾತಿನ ಕೆಳಗೆ ಸಾಹಿತ್ಯವಿಲ್ಲದ ವಾದ್ಯ ಸಂಗೀತವೇ ಸರಿ.

ದಾಖಲಿಸುವಾಗಲೇ ಬೇರೆ ಬೇರೆ ಇಡಿ

ಒಮ್ಮೆ ಒಂದಾಗಿ ಬೆರೆತ ಧ್ವನಿಗಳನ್ನು ಆಮೇಲೆ ಬೇರ್ಪಡಿಸುವುದು ಕಷ್ಟ. ಆದ್ದರಿಂದ ಮಾತನ್ನು ಸಾಧ್ಯವಾದಷ್ಟೂ ಪ್ರತ್ಯೇಕವಾಗಿ ದಾಖಲಿಸಿ. ಬಟ್ಟೆ, ಹಾಸಿಗೆ, ಪರದೆ ತುಂಬಿದ ಚಿಕ್ಕ ಕೋಣೆ ಇದಕ್ಕೆ ಒಳ್ಳೆಯದು, ಏಕೆಂದರೆ ಬರಿಯ ಗೋಡೆಗಳು ದನಿಯನ್ನು ಹಿಂದಿರುಗಿಸುತ್ತವೆ. ಮೊಬೈಲ್ ಮೈಕ್ ಬಾಯಿಯಿಂದ ಸುಮಾರು ಒಂದು ಗೇಣು ದೂರದಲ್ಲಿ, ನೇರ ಎದುರಿಗಿರದೆ ಸ್ವಲ್ಪ ಪಕ್ಕಕ್ಕೆ ಇರಲಿ. ಆಗ 'ಪ', 'ಭ'ಗಳ ಉಸಿರು ಮೈಕಿಗೆ ಬಡಿಯುವುದಿಲ್ಲ.

ರೆಕಾರ್ಡಿಂಗ್ ಆ್ಯಪ್‌ನಲ್ಲಿ ಆಯ್ಕೆ ಇದ್ದರೆ ಸ್ಯಾಂಪಲ್ ದರವನ್ನು, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ದಾಖಲಿಸಬೇಕೆಂಬುದನ್ನು, 48 ಕಿಲೊಹರ್ಟ್ಸ್‌ಗೆ ಇರಿಸಿ. ಸಂಗೀತದ ಸಿ.ಡಿ.ಗಳು 44.1 ಕಿಲೊಹರ್ಟ್ಸ್‌ನವು, ವಿಡಿಯೊ ಲೋಕದ ರೂಢಿ 48. ಧ್ವನಿಯ ಜೋರನ್ನು ಡೆಸಿಬೆಲ್‌ಗಳಲ್ಲಿ ತೋರಿಸುವ ಅಳತೆಪಟ್ಟಿ ಕಾಣಿಸಿದರೆ ಜೋರು ಮಾತುಗಳು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಬರುವಂತೆ ನೋಡಿಕೊಳ್ಳಿ. ಡಿಜಿಟಲ್ ಧ್ವನಿಗೆ ಸೊನ್ನೆಯೇ ಛಾವಣಿ. ಅದನ್ನು ತಾಗಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಹಾಗೆ ಒಡೆದ ದನಿಯನ್ನು ಆಮೇಲೆ ತಗ್ಗಿಸಿದರೆ ಒಡಕು ಸಣ್ಣದಾಗಿ ಕೇಳುತ್ತದೆಯೇ ಹೊರತು ಹೋಗುವುದಿಲ್ಲ.

ಇನ್ನೆರಡು ಅಭ್ಯಾಸಗಳನ್ನು ಬೆಳೆಸಿಕೊಳ್ಳಿ. ಮೊದಲನೆಯದು, ಚಿತ್ರೀಕರಣ ಮುಗಿದ ಮೇಲೆ ಅದೇ ಜಾಗದಲ್ಲಿ ಎಲ್ಲರೂ ಮೌನವಾಗಿದ್ದು ಮೂವತ್ತು ಸೆಕೆಂಡು ಬರಿಯ ವಾತಾವರಣವನ್ನು ದಾಖಲಿಸಿಕೊಳ್ಳುವುದು. ಖಾಲಿ ಕೋಣೆಗೂ ತನ್ನದೇ ಒಂದು ಸದ್ದಿದೆ. ಎರಡು ಮಾತುಗಳ ನಡುವಿನ ಅಂತರದಲ್ಲಿ ಅದು ಇಲ್ಲವಾದರೆ ಧ್ವನಿ ಕಡಿದುಹೋದಂತೆ ಕೇಳುತ್ತದೆ. ಎರಡನೆಯದು, ಕ್ಯಾಮೆರಾ ಒಂದು, ಮೈಕ್ ಇನ್ನೊಂದು ಆಗಿದ್ದರೆ ಶುರುವಿನಲ್ಲಿ ಕ್ಯಾಮೆರಾಗೆ ಕಾಣುವಂತೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟುವುದು. ಟೈಮ್‌ಲೈನ್‌ನಲ್ಲಿ ಎರಡೂ ಟ್ರ್ಯಾಕ್‌ಗಳ ಅಲೆಯಲ್ಲಿ ಕಾಣುವ ಚಪ್ಪಾಳೆಯ ಚೂಪಾದ ಮೊನೆಯನ್ನು ಒಂದರ ಕೆಳಗೊಂದು ತಂದರೆ ಹೊಂದಾಣಿಕೆ ಮುಗಿಯಿತು.

ಹೊಂದಿಸಿದ ಮೇಲೆ ಒಂದು ತಪ್ಪು ಬಹಳ ಸಾಮಾನ್ಯ. ಕ್ಯಾಮೆರಾದ ದನಿಯೂ ಹೊರಗಿನ ಮೈಕಿನ ದನಿಯೂ ಒಟ್ಟಿಗೆ ಉಳಿದುಬಿಡುತ್ತವೆ. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಕ್ಯಾಮೆರಾ ಒಂದು ಮೀಟರ್ ದೂರದಲ್ಲಿದ್ದರೆ ಅದೇ ಮಾತು ಅಷ್ಟು ತಡವಾಗಿ ಮತ್ತೊಮ್ಮೆ ಸೇರುತ್ತದೆ, ಕೆಲವು ಕಂಪನಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಮಾತು ಡಬ್ಬದೊಳಗಿನಿಂದ ಬಂದಂತೆ ಕೇಳುತ್ತದೆ. ಮಾತಿರುವ ಕಡೆ ಎರಡರಲ್ಲಿ ಒಂದನ್ನು ಪೂರ್ತಿ ಮ್ಯೂಟ್ ಮಾಡಿ.

ಟೈಮ್‌ಲೈನ್‌ನಲ್ಲಿ ಯಾವುದು ಮೊದಲು

ಕ್ಯಾಪ್‌ಕಟ್, ಇನ್‌ಶಾಟ್, ವಿಎನ್, ಕೈನ್‌ಮಾಸ್ಟರ್‌ಗಳಂತಹ ಮೊಬೈಲ್ ಆ್ಯಪ್‌ಗಳಲ್ಲಾಗಲಿ, ಕಂಪ್ಯೂಟರ್‌ನಲ್ಲಿ ಉಚಿತ ಆವೃತ್ತಿಯಲ್ಲೂ ಸಿಗುವ ಡಾವಿಂಚಿ ರಿಸಾಲ್ವ್‌ನಲ್ಲಾಗಲಿ, ಒಂದರ ಕೆಳಗೊಂದು ಆಡಿಯೊ ಟ್ರ್ಯಾಕ್ ಇಡಬಹುದು. ಗುಂಡಿಗಳ ಹೆಸರು ಮತ್ತು ಜಾಗ ಬದಲಾಗುತ್ತಿರುತ್ತವೆ. ಕೆಲಸದ ಕ್ರಮ ಎಲ್ಲ ಕಡೆ ಒಂದೇ.

1. ವಿಡಿಯೊ ತುಣುಕುಗಳನ್ನು ಸ್ಥೂಲವಾಗಿ ಕತ್ತರಿಸಿ ಸಾಲಾಗಿ ಇಡಿ. ಅಂಚುಗಳನ್ನು ಈಗಲೇ ತಿದ್ದುವುದು ಬೇಡ.

2. ವಿಡಿಯೊದ ಮೂಲ ಧ್ವನಿಯನ್ನು ಚಿತ್ರದಿಂದ ಬೇರ್ಪಡಿಸಿ ಪ್ರತ್ಯೇಕ ಟ್ರ್ಯಾಕ್ ಮಾಡಿಕೊಳ್ಳಿ. ಹೆಚ್ಚಿನ ಆ್ಯಪ್‌ಗಳಲ್ಲಿ ತುಣುಕನ್ನು ಮುಟ್ಟಿದರೆ 'ಎಕ್ಸ್‌ಟ್ರ್ಯಾಕ್ಟ್ ಆಡಿಯೊ' ಅಥವಾ 'ಡಿಟ್ಯಾಚ್ ಆಡಿಯೊ' ಎಂಬ ಆಯ್ಕೆ ಕಾಣುತ್ತದೆ.

3. ಮಾತಿನ ಟ್ರ್ಯಾಕ್ ಇಡಿ. ತಡವರಿಕೆಗಳನ್ನು ತೆಗೆಯಿರಿ. ಉಸಿರೆಳೆದುಕೊಳ್ಳುವ ಸದ್ದುಗಳನ್ನು ಪೂರ್ತಿ ಅಳಿಸಬೇಡಿ. ಅವಿಲ್ಲದ ಮಾತು ಯಂತ್ರದ ಮಾತಿನಂತೆ ಕೇಳುತ್ತದೆ. ತಗ್ಗಿಸಿದರೆ ಸಾಕು.

4. ಮಾತಿಗೆ ತಕ್ಕಂತೆ ಚಿತ್ರದ ಕತ್ತರಿಕೆಗಳನ್ನು ಈಗ ಸರಿಮಾಡಿ.

5. ಚಿತ್ರೀಕರಣದ ಸದ್ದಿನಲ್ಲಿ ಬೇಕಾದ ಕಡೆಗಳನ್ನು ಮಾತ್ರ ಉಳಿಸಿ, ಬೇಡದ ಕಡೆ ವಾತಾವರಣದ ದಾಖಲೆಯನ್ನು ತುಂಬಿ.

6. ಎಫೆಕ್ಟ್‌ಗಳನ್ನು ಒಂದೊಂದಾಗಿ ಇಡಿ.

7. ಸಂಗೀತವನ್ನು ಕೊನೆಗೆ ತನ್ನಿ.

ಸಂಗೀತ ಕೊನೆಗೇಕೆ ಎಂಬ ಪ್ರಶ್ನೆ ಬರುತ್ತದೆ. ಮೊದಲೇ ಹಾಕಿದರೆ ಅದು ಎಲ್ಲ ತಪ್ಪುಗಳ ಮೇಲೂ ಚಾದರ ಹೊದಿಸುತ್ತದೆ. ಮಾತಿನ ನಡುವಿನ ಕಡಿತಗಳು, ಸಪ್ಪೆ ಜಾಗಗಳು ಯಾವುವೂ ಕಿವಿಗೆ ಬೀಳುವುದಿಲ್ಲ. ಸಂಗೀತವಿಲ್ಲದೆಯೂ ಕೊನೆಯವರೆಗೆ ಕೇಳಿಸಿಕೊಳ್ಳುವ ವಿಡಿಯೊ ಸಂಗೀತ ಸೇರಿದ ಮೇಲೆ ಮೆರುಗು ಪಡೆಯುತ್ತದೆ. ದೃಶ್ಯಗಳೆಲ್ಲ ತಾಳಕ್ಕೇ ಕತ್ತರಿಸಬೇಕಾದ ನೃತ್ಯದಂತಹ ವಿಡಿಯೊಗಳು ಮಾತ್ರ ಇದಕ್ಕೆ ಹೊರತು. ಅಲ್ಲಿ ಸಂಗೀತವೇ ಒಡೆಯ, ಅದೇ ಮೊದಲು ಬರಬೇಕು.

ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನು ಕಂಪ್ಯೂಟರ್‌ಗೆ ತಂದಾಗ ಶುರುವಿನಲ್ಲಿ ಹೊಂದಿದ್ದ ಧ್ವನಿ ಬರುಬರುತ್ತ ಸರಿಯುವುದುಂಟು. ಮೊಬೈಲ್ ಕ್ಯಾಮೆರಾಗಳು ಸೆಕೆಂಡಿಗೆ ಇಷ್ಟೇ ಫ್ರೇಮ್ (ವಿಡಿಯೊದ ಒಂದೊಂದು ಸ್ಥಿರ ಚಿತ್ರ) ಎಂದು ನಿಯತವಾಗಿ ದಾಖಲಿಸದಿರುವುದು ಇದರ ಕಾರಣ. ವಿಡಿಯೊವನ್ನು ಮೊದಲು ಸ್ಥಿರ ಫ್ರೇಮ್ ದರಕ್ಕೆ ಪರಿವರ್ತಿಸಿಕೊಂಡು ಆಮೇಲೆ ಸಂಕಲನಕ್ಕೆ ಕೂರಿ.

ಎಫೆಕ್ಟ್‌ಗಳ ಹೊಂದಿಕೆ: ಕೆಲವೇ ಫ್ರೇಮ್‌ಗಳ ಲೆಕ್ಕ

ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೊದಲ್ಲಿ ಒಂದು ಫ್ರೇಮ್ ಸುಮಾರು 33 ಮಿಲಿಸೆಕೆಂಡು. ಧ್ವನಿ ಚಿತ್ರಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಇದ್ದರೆ ಜನರಿಗೆ ಗೊತ್ತಾಗುತ್ತದೆ ಎಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಪ್ರಸಾರಕರಿಗಾಗಿ ಮಿತಿಗಳನ್ನು ಕೊಟ್ಟಿತು. ಧ್ವನಿ ಸುಮಾರು 45 ಮಿಲಿಸೆಕೆಂಡು ಮುಂಚೆ ಬಂದರೇ ಸಾಕು, ಗೊತ್ತಾಗುತ್ತದೆ. ತಡವಾಗಿ ಬಂದರೆ ಸುಮಾರು 125 ಮಿಲಿಸೆಕೆಂಡಿನವರೆಗೆ ಕಿವಿ ಸಹಿಸಿಕೊಳ್ಳುತ್ತದೆ. ಈ ಭೇದಕ್ಕೆ ಕಾರಣ ಸೊಗಸಾಗಿದೆ. ಬೆಳಕು ಶಬ್ದಕ್ಕಿಂತ ವೇಗವಾಗಿ ಬರುತ್ತದೆ. ದೂರದಲ್ಲಿ ಕೊಡಲಿ ಬೀಳುವುದು ಮೊದಲು ಕಾಣುತ್ತದೆ, ಏಟಿನ ಸದ್ದು ಆಮೇಲೆ ಮುಟ್ಟುತ್ತದೆ. ಸದ್ದು ಮೊದಲು ಬಂದು ಏಟು ಆಮೇಲೆ ಬೀಳುವುದನ್ನು ನಾವು ಪ್ರಕೃತಿಯಲ್ಲಿ ಎಂದೂ ಕಂಡಿಲ್ಲ.

ಹಾಗಾಗಿ ಎಫೆಕ್ಟ್ ಇಡುವಾಗ ವಸ್ತು ತಾಗುವ ಫ್ರೇಮನ್ನು ಹುಡುಕಿ. ಟೈಮ್‌ಲೈನನ್ನು ಹಿಗ್ಗಿಸಿ, ಒಂದೊಂದೇ ಫ್ರೇಮ್ ಸರಿಸುತ್ತ ಸ್ಪ್ಯಾನರ್ ನೆಲ ಮುಟ್ಟಿದ ಕ್ಷಣವನ್ನು ಗುರುತಿಸಿ, ಸದ್ದಿನ ಅಲೆಯ ಮೊನೆಯನ್ನು ಅಲ್ಲಿಗೇ ಕೂರಿಸಿ. ಅನುಮಾನವಿದ್ದರೆ ಒಂದು ಫ್ರೇಮ್ ತಡವಾಗಲಿ, ಮುಂಚೆ ಆಗುವುದು ಬೇಡ. ಡೌನ್‌ಲೋಡ್ ಮಾಡಿದ ಎಫೆಕ್ಟ್ ಕಡತಗಳ ಆರಂಭದಲ್ಲಿ ಚೂರು ಮೌನ ಇರುತ್ತದೆ. ಕಡತದ ಅಂಚನ್ನು ನೋಡಿ ಜೋಡಿಸಿದರೆ ಅಷ್ಟು ತಡವಾಗುತ್ತದೆ, ಆದ್ದರಿಂದ ಆ ಮೌನವನ್ನು ಮೊದಲು ಕತ್ತರಿಸಿ.

ಈ ಕೆಲಸಕ್ಕೆ ಬ್ಲೂಟೂತ್ ಇಯರ್‌ಫೋನ್ ಬಳಸಬೇಡಿ. ನಾನು ಇದನ್ನು ಕಷ್ಟಪಟ್ಟು ಕಲಿತೆ. ಒಂದು ವಿಡಿಯೊದ ಇಪ್ಪತ್ತಕ್ಕೂ ಹೆಚ್ಚು ಸದ್ದುಗಳನ್ನು ಬ್ಲೂಟೂತ್‌ನಲ್ಲಿ ಕೇಳುತ್ತ ಹೊಂದಿಸಿದ್ದೆ. ಮೊಬೈಲಿನ ಸ್ಪೀಕರ್‌ನಲ್ಲಿ ಹಾಕಿ ನೋಡಿದಾಗ ಪ್ರತಿಯೊಂದೂ ಚಿತ್ರಕ್ಕಿಂತ ಮುಂಚೆಯೇ ಬರುತ್ತಿತ್ತು. ನಿಸ್ತಂತು ಸಂಪರ್ಕದಲ್ಲಿ ಧ್ವನಿ ನೂರಾರು ಮಿಲಿಸೆಕೆಂಡು ತಡವಾಗಬಹುದು. ಆ ತಡವನ್ನು ಸರಿದೂಗಿಸಲು ನಾನು ಎಲ್ಲವನ್ನೂ ಮುಂಚಿನ ಕ್ಷಣಕ್ಕೆ ಎಳೆದಿದ್ದೆ. ವಿಡಿಯೊ ಪ್ಲೇಯರ್‌ಗಳು ಈ ತಡವನ್ನು ಲೆಕ್ಕಹಾಕಿ ಚಿತ್ರವನ್ನೂ ಅಷ್ಟೇ ತಡವಾಗಿ ತೋರಿಸಬಲ್ಲವು, ಸಂಕಲನದ ಆ್ಯಪ್‌ಗಳಲ್ಲಿ ಆ ಭರವಸೆ ಇಲ್ಲ. ತಂತಿಯ ಇಯರ್‌ಫೋನ್ ಸಾಕು, ಅಗ್ಗದ್ದಾದರೂ ಸರಿ.

ಒಂದು ಸದ್ದನ್ನು ಎರಡು ಮೂರು ಪದರಗಳಿಂದ ಕಟ್ಟುವುದೂ ಒಂದು ಕಲೆ. ಟೈರು ಕಳಚಿಕೊಳ್ಳುವ ಕ್ಷಣ ಮೂಲ ಧ್ವನಿಯಲ್ಲಿ ಸಪ್ಪೆಯಾಗಿದ್ದರೆ, ಅದರ ಕೆಳಗೆ ದಪ್ಪನೆಯ ಬಟ್ಟೆ ಒದರಿದ ಸದ್ದನ್ನೂ ಮೇಲೆ ಲೋಹದ ಸಣ್ಣ ಟಿಣ್ ಸದ್ದನ್ನೂ ಇಡಬಹುದು. ಒಂದು ಭಾರ ಕೊಡುತ್ತದೆ, ಇನ್ನೊಂದು ಅಂಚು ಕೊಡುತ್ತದೆ. ಮೂರರ ಮೊನೆಯೂ ಒಂದೇ ಫ್ರೇಮಿನಲ್ಲಿದ್ದರೆ ಕಿವಿ ಅವನ್ನು ಒಂದೇ ಸದ್ದೆಂದು ಒಪ್ಪಿಕೊಳ್ಳುತ್ತದೆ. ಚಿತ್ರ ನೋಡುತ್ತ ಕೈಯಾರೆ ಸದ್ದು ಮಾಡಿ ದಾಖಲಿಸುವ ಈ ವಿದ್ಯೆಗೆ ಚಲನಚಿತ್ರ ರಂಗದಲ್ಲಿ ಫೋಲಿ ಎಂದು ಹೆಸರು. ಹಾಲಿವುಡ್‌ನಲ್ಲಿ ಅದನ್ನು ರೂಪಿಸಿದ ಜ್ಯಾಕ್ ಫೋಲಿಯಿಂದ ಬಂದ ಹೆಸರು ಅದು. ನಿಮ್ಮ ಮನೆಯ ವಸ್ತುಗಳಿಂದಲೇ ಸದ್ದು ಮಾಡಿ ನೋಡಿ. ಎಲ್ಲರೂ ಬಳಸಿ ಸವೆದ 'ವೂಶ್' ಎಫೆಕ್ಟ್‌ಗಿಂತ ಅದು ಎಷ್ಟೋ ಜೀವಂತವಾಗಿರುತ್ತದೆ.

ಪ್ರಮಾಣ: ಎಷ್ಟು ಮುಂದೆ, ಎಷ್ಟು ಹಿಂದೆ

ಡೆಸಿಬೆಲ್ ಲೆಕ್ಕದ ಎರಡು ಅಂಶ ಗೊತ್ತಿದ್ದರೆ ಸಾಕು. 6 ಡೆಸಿಬೆಲ್ ಇಳಿಸಿದರೆ ಅಲೆಯ ಎತ್ತರ ಅರ್ಧವಾಗುತ್ತದೆ, 20 ಇಳಿಸಿದರೆ ಹತ್ತರಲ್ಲಿ ಒಂದಾಗುತ್ತದೆ. ಕಿವಿಗೆ ಮಾತ್ರ ಸುಮಾರು 10 ಡೆಸಿಬೆಲ್ ಇಳಿದಾಗ 'ಅರ್ಧ ಆಯಿತು' ಎನಿಸುತ್ತದೆ.

ಮೊದಲು ಮಾತಿನ ಪ್ರಮಾಣವನ್ನು ನಿಗದಿ ಮಾಡಿ. ಜೋರು ಪದಗಳ ತುದಿ ಮೈನಸ್ 6 ಡೆಸಿಬೆಲ್ ಹತ್ತಿರ ಇರಲಿ. ಮಾತಿರುವಾಗ ಸಂಗೀತ ಅದಕ್ಕಿಂತ 15ರಿಂದ 20 ಡೆಸಿಬೆಲ್ ಕೆಳಗೆ ಇರಲಿ. ಇದು ಹೊಸಬರಿಗೆ ತೀರ ಕಡಿಮೆ ಎನಿಸುತ್ತದೆ. ನಿಮ್ಮ ವಿವರಣೆ ನಿಮಗೆ ಬಾಯಿಪಾಠವಾಗಿದೆ, ಸಂಗೀತದ ಕೆಳಗೆ ಹುದುಗಿದ್ದರೂ ನಿಮಗೆ ಕೇಳುತ್ತದೆ. ಮೊದಲ ಸಲ ಕೇಳುವವರಿಗೆ ಆ ಅನುಕೂಲವಿಲ್ಲ.

ಮೊಬೈಲ್ ಆ್ಯಪ್‌ಗಳಲ್ಲಿ ಡೆಸಿಬೆಲ್ ಬದಲು 0ರಿಂದ 100ರವರೆಗಿನ ಅಂಕಿಗಳಿರುತ್ತವೆ, ಕೆಲವೆಡೆ ಅದಕ್ಕೂ ಮೇಲೆ ಹೋಗುತ್ತವೆ. ಒಂದು ಆ್ಯಪ್‌ನ 20 ಇನ್ನೊಂದರ 20ಕ್ಕೆ ಸಮವಾಗಬೇಕೆಂದಿಲ್ಲ. ಅಲ್ಲಿ ಕಿವಿಯನ್ನೇ ನಂಬಿ: ಸಂಗೀತವನ್ನು ಸೊನ್ನೆಗೆ ಇಳಿಸಿ, ಮಾತು ನಡೆಯುತ್ತಿರುವಾಗ ನಿಧಾನವಾಗಿ ಏರಿಸಿ, 'ಇದೆ' ಎಂದು ಮೊದಲು ಅನ್ನಿಸಿದ ಬಿಂದುವಿನಲ್ಲಿ ನಿಲ್ಲಿಸಿ. ಮೇಲಿನಿಂದ ಇಳಿಸುತ್ತ ಬಂದರೆ ಯಾವಾಗಲೂ ಬೇಕಾದುದಕ್ಕಿಂತ ಜೋರಾಗಿಯೇ ನಿಲ್ಲುತ್ತೇವೆ, ಏಕೆಂದರೆ ಕಿವಿ ಆಗಲೇ ಅದಕ್ಕೆ ಒಗ್ಗಿಹೋಗಿರುತ್ತದೆ.

ಪದರಗಳು ಹೆಚ್ಚಿದಂತೆ ಒಟ್ಟು ಮೊತ್ತವೂ ಏರುತ್ತದೆ. ಒಂದೇ ಸದ್ದಿನ ಎರಡು ಪ್ರತಿಗಳನ್ನು ಒಟ್ಟಿಗೆ ಇಟ್ಟರೆ 6 ಡೆಸಿಬೆಲ್ ಏರುತ್ತದೆ. ಬೇರೆ ಬೇರೆ ಸದ್ದುಗಳು ಅಷ್ಟು ಏರುವುದಿಲ್ಲ, ಆದರೂ ಪಂಪಿನ ಸದ್ದು, ತಾಳದ ಏಟು, ಒಂದು ಜೋರು ಪದ ಮೂರೂ ಒಂದೇ ಕ್ಷಣದಲ್ಲಿ ಬಿದ್ದರೆ ಸೊನ್ನೆಯ ಛಾವಣಿ ಸುಲಭವಾಗಿ ತಾಗುತ್ತದೆ. ಒಡಕು ಕೇಳಿದರೆ ಒಂದನ್ನು ಮಾತ್ರ ತಗ್ಗಿಸಿದರೆ ಸಮತೋಲ ಕೆಡುತ್ತದೆ. ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಅಳತೆಯಲ್ಲಿ ಇಳಿಸಿ.

ಮಾತು ಬಂದಾಗ ಸಂಗೀತ ಬಾಗಬೇಕು

ಮಾತು ಶುರುವಾಗುವಾಗ ಸಂಗೀತ ತಗ್ಗಿ, ಮಾತು ನಿಂತಾಗ ಮತ್ತೆ ಏಳುವುದಕ್ಕೆ ಡಕಿಂಗ್ ಎನ್ನುತ್ತಾರೆ. ಪದರ ಜೋಡಣೆಯಲ್ಲಿ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಸಂಗೀತದ ಟ್ರ್ಯಾಕ್ ಮೇಲೆ ಕೀಫ್ರೇಮ್ ಬಿಂದುಗಳನ್ನು, ಅಂದರೆ ಯಾವ ಕ್ಷಣದಲ್ಲಿ ಪ್ರಮಾಣ ಎಷ್ಟಿರಬೇಕೆಂದು ಹೇಳುವ ಗುರುತುಗಳನ್ನು, ಇಟ್ಟು ಇದನ್ನು ಕೈಯಾರೆ ಮಾಡಿ. ಪ್ರತಿ ಮಾತಿನ ತುಣುಕಿಗೆ ನಾಲ್ಕು ಬಿಂದು ಬೇಕು. ಮಾತು ಶುರುವಾಗುವ ಸುಮಾರು 300 ಮಿಲಿಸೆಕೆಂಡು ಮುಂಚೆ ಮೊದಲ ಬಿಂದು, ಅಲ್ಲಿ ಸಂಗೀತ ಇನ್ನೂ ಮೇಲಿದೆ. ಮಾತಿನ ಮೊದಲ ಅಕ್ಷರದ ಹೊತ್ತಿಗೆ ಎರಡನೆಯದು, ಅಲ್ಲಿ ತಗ್ಗಿದೆ. ಕೊನೆಯ ಅಕ್ಷರ ಮುಗಿದಲ್ಲಿ ಮೂರನೆಯದು, ಇನ್ನೂ ತಗ್ಗಿಯೇ ಇದೆ. ಅದಾದ ಅರ್ಧ ಸೆಕೆಂಡಿಗೆ ನಾಲ್ಕನೆಯದು, ಮತ್ತೆ ಮೇಲೆ. ಇಳಿಯುವುದು ಬೇಗ, ಏರುವುದು ನಿಧಾನ. ಏರುವಿಕೆ ಸಂಗೀತದ ತಾಳದ ಏಟಿಗೆ ಸರಿಯಾಗಿ ಮುಗಿದರೆ ಯಾರಿಗೂ ಗೊತ್ತಾಗದಷ್ಟು ಸಹಜವಾಗಿರುತ್ತದೆ.

ತಾನಾಗಿ ಡಕಿಂಗ್ ಮಾಡುವ ಸೌಲಭ್ಯಗಳೂ ಇವೆ. ಅವು ಎರಡು ವಾಕ್ಯಗಳ ನಡುವಿನ ಸಣ್ಣ ಉಸಿರಿನಲ್ಲೂ ಸಂಗೀತವನ್ನು ಮೇಲೆತ್ತಿ ಮತ್ತೆ ಕೆಳಗೆ ಹಾಕುತ್ತವೆ. ಕೇಳುವವರಿಗೆ ಅದು ಏದುಸಿರಿನಂತೆ ಕೇಳುತ್ತದೆ. ಅಂತರ ಒಂದು ಸೆಕೆಂಡಿಗಿಂತ ಕಡಿಮೆ ಇದ್ದರೆ ಸಂಗೀತವನ್ನು ತಗ್ಗಿಸಿಯೇ ಬಿಡಿ.

ಒಂದೇ ಜಾಗಕ್ಕೆ ಇಬ್ಬರು ಬಂದಾಗ: ಈಕ್ವಲೈಸರ್

ಪ್ರಮಾಣ ಸರಿಯಿದ್ದರೂ ಮಾತು ಮಂಕಾಗಿ ಕೇಳಿದರೆ, ಎರಡು ಧ್ವನಿಗಳು ಒಂದೇ ಕಂಪನದ ಪಟ್ಟಿಯಲ್ಲಿ ತಳ್ಳಾಡುತ್ತಿವೆ ಎಂದರ್ಥ. ಹಳೆಯ ದೂರವಾಣಿಗಳು 300ರಿಂದ 3,400 ಹರ್ಟ್ಸ್ ವರೆಗಿನ ಕಂಪನಗಳನ್ನಷ್ಟೇ ಸಾಗಿಸುತ್ತಿದ್ದವು, ಅಷ್ಟರಲ್ಲೇ ಮಾತೆಲ್ಲ ಅರ್ಥವಾಗುತ್ತಿತ್ತು. ಮಾತಿನ ತಿರುಳು ಇರುವುದು ಅಲ್ಲಿಯೇ. ವ್ಯಂಜನಗಳ ಸ್ಪಷ್ಟತೆಗೆ ಆ ಪಟ್ಟಿಯ ಮೇಲಿನ ಭಾಗ ಬಹಳ ಮುಖ್ಯ. ಗಿಟಾರ್, ಪಿಯಾನೊ, ಕೊಳಲು ಎಲ್ಲವೂ ಇದೇ ಪಟ್ಟಿಯಲ್ಲಿ ನೆಲೆಸಿವೆ.

ಬೇರೆ ಬೇರೆ ಕಂಪನದ ಪಟ್ಟಿಗಳನ್ನು ಪ್ರತ್ಯೇಕವಾಗಿ ಏರಿಸುವ, ಇಳಿಸುವ ಸಾಧನವೇ ಈಕ್ವಲೈಸರ್. ಅದು ಇದ್ದರೆ ಸಂಗೀತದಲ್ಲಿ 1,000ದಿಂದ 4,000 ಹರ್ಟ್ಸ್ ನಡುವೆ 3–4 ಡೆಸಿಬೆಲ್ ಮೆಲ್ಲಗೆ ತಗ್ಗಿಸಿ. ಸಂಗೀತದ ಒಟ್ಟು ಪ್ರಮಾಣವನ್ನು ಮುಟ್ಟದೆಯೇ ಮಾತು ಒಂದು ಹೆಜ್ಜೆ ಮುಂದೆ ಬಂದು ನಿಲ್ಲುವುದನ್ನು ಕೇಳುತ್ತೀರಿ. ಮಾತಿನ ಟ್ರ್ಯಾಕ್‌ನಲ್ಲಿ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಅಲ್ಲಿ ಮಾತಿನ ಪಾಲು ಅತಿ ಕಡಿಮೆ, ಮೇಜು ಅಲುಗಿದ್ದು, ಫ್ಯಾನಿನ ಗುಂಯ್‌ಗುಟ್ಟುವಿಕೆ, ದೂರದ ವಾಹನದ ಸದ್ದು ಇವುಗಳೇ ತುಂಬಿರುತ್ತವೆ.

ಮೊಬೈಲಿನ ಪುಟ್ಟ ಸ್ಪೀಕರ್‌ಗಳು ಕೆಳ ಕಂಪನಗಳನ್ನು ಸರಿಯಾಗಿ ಹೊರಡಿಸಲಾರವು. ದೊಡ್ಡ ಹೆಡ್‌ಫೋನ್‌ನಲ್ಲಿ ಎದೆ ನಡುಗಿಸುವ ಭಾರೀ ಏಟು ಮೊಬೈಲಿನಲ್ಲಿ ಕೇಳದೇ ಹೋಗಬಹುದು. ಅಂತಹ ಏಟಿನ ಮೇಲೆ ಮಧ್ಯಮ ಕಂಪನದ ಒಂದು ಪದರ, ಮರದ ಮೇಲೆ ಬಡಿದಂತಹ ಸದ್ದು, ಸೇರಿಸಿದರೆ ಎರಡೂ ಕಡೆ ಉಳಿಯುತ್ತದೆ.

ಅಂಚುಗಳು

ಪ್ರತಿ ಆಡಿಯೊ ತುಣುಕಿನ ಎರಡೂ ತುದಿಗೆ 10–20 ಮಿಲಿಸೆಕೆಂಡಿನ ಫೇಡ್, ಅಂದರೆ ಮೆಲ್ಲಗೆ ಏರುವ ಅಥವಾ ಇಳಿಯುವ ಅಂಚು, ಕೊಡಿ. ಅಲೆಯನ್ನು ನಡುವಿನಲ್ಲಿ ಕತ್ತರಿಸಿದರೆ 'ಟಕ್' ಎಂಬ ಸದ್ದು ಬರುತ್ತದೆ, ಈ ಸಣ್ಣ ಫೇಡ್ ಅದನ್ನು ಅಳಿಸುತ್ತದೆ.

ಚಿತ್ರ ಬದಲಾಗುವ ಫ್ರೇಮಿನಲ್ಲೇ ಧ್ವನಿಯೂ ಬದಲಾಗಬೇಕೆಂದಿಲ್ಲ. ಮುಂದಿನ ದೃಶ್ಯದ ನೀರಿನ ಸದ್ದನ್ನು ಅರ್ಧ ಸೆಕೆಂಡು ಮೊದಲೇ ಕೇಳಿಸಿದರೆ ಕಣ್ಣು ಅದನ್ನು ಎದುರು ನೋಡುತ್ತದೆ. ಸಂಕಲನಕಾರರು ಇದನ್ನು ಜೆ ಕಟ್ ಎನ್ನುತ್ತಾರೆ. ಹಿಂದಿನ ದೃಶ್ಯದ ಧ್ವನಿ ಹೊಸ ಚಿತ್ರದ ಮೇಲೂ ಮುಂದುವರಿದರೆ ಎಲ್ ಕಟ್. ಸೆಕೆಂಡಿಗೊಂದು ಕತ್ತರಿಕೆ ಇರುವ ಕಿರು ವಿಡಿಯೊಗಳಲ್ಲಿ ಹೀಗೆ ಹೊಲಿದ ಅಂಚುಗಳೇ ನೋಟವನ್ನು ಒಂದಾಗಿ ಹಿಡಿಯುತ್ತವೆ.

ಮೌನವನ್ನೂ ಒಂದು ಪದರವೆಂದೇ ಎಣಿಸಿ. ಪಂಪ್ ಹೊಡೆಯುವ ಭರಾಟೆಯ ನಂತರ ಸಂಗೀತವನ್ನು ಥಟ್ಟನೆ ನಿಲ್ಲಿಸಿ, ಅರ್ಧ ಸೆಕೆಂಡು ಕೋಣೆಯ ಸದ್ದನ್ನು ಮಾತ್ರ ಬಿಟ್ಟು, ಆಮೇಲೆ ಚಕ್ರದ ಸದ್ದನ್ನು ತಂದು ನೋಡಿ. ಆ ಸಣ್ಣ ಸದ್ದು ಎಷ್ಟು ದೊಡ್ಡದಾಗಿ ಕೇಳುತ್ತದೆ ಎಂಬುದು ನಿಮಗೇ ಬೆರಗಾಗುತ್ತದೆ.

ಕಿರು ವಿಡಿಯೊಗಳು ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಓಡುತ್ತವೆ. ಸಂಗೀತ ತಾಳದ ಆವರ್ತ ಮುಗಿಯುವ ಜಾಗದಲ್ಲೇ ಕೊನೆಗೊಂಡರೆ ಮರು ಓಟದಲ್ಲಿ ಎಡವುವುದಿಲ್ಲ.

ಸಂಗೀತದ ಹಕ್ಕು ಮತ್ತು ಜಾಲತಾಣದೊಳಗಿನ ಜೋಡಣೆ

ಇನ್‌ಸ್ಟಾಗ್ರಾಂ 2024ರ ಜುಲೈನಲ್ಲಿ ಒಂದೇ ರೀಲ್‌ಗೆ 20 ಆಡಿಯೊ ಟ್ರ್ಯಾಕ್‌ಗಳವರೆಗೆ ಸೇರಿಸುವ ಸೌಲಭ್ಯ ತಂದಿತು. ಆದ್ದರಿಂದ ಹೊರಗಿನ ಆ್ಯಪ್ ಇಲ್ಲದೆಯೂ ಈ ಕೆಲಸದ ಬಹುಭಾಗ ಸಾಧ್ಯ. ಆದರೂ ಸೂಕ್ಷ್ಮ ಹೊಂದಿಕೆಗೆ ಹೊರಗಿನ ಆ್ಯಪ್ ವಾಸಿ, ಜನಪ್ರಿಯ ಹಾಡಿಗೆ ಜಾಲತಾಣದ ಸಂಗೀತ ಸಂಗ್ರಹವೇ ಸರಿ. ಆ ಸಂಗ್ರಹದ ಹಾಡುಗಳ ಪರವಾನಗಿ ಆ ಜಾಲತಾಣದೊಳಗಿನ ಬಳಕೆಗೆ ಮಾತ್ರ. ಅದೇ ವಿಡಿಯೊವನ್ನು ಇಳಿಸಿಕೊಂಡು ಬೇರೆ ಕಡೆ ಹಾಕಿದರೆ ಧ್ವನಿ ಮ್ಯೂಟ್ ಆಗಬಹುದು ಅಥವಾ ಹಕ್ಕುದಾರರ ತಕರಾರು ಬರಬಹುದು.

ಎರಡನ್ನೂ ಕೂಡಿಸುವ ದಾರಿ ಹೀಗಿದೆ. ಹೊರಗಿನ ಆ್ಯಪ್‌ನಲ್ಲಿ ಆ ಹಾಡನ್ನು ಮಾದರಿಗಾಗಿ ಮಾತ್ರ ಇಟ್ಟು ಎಲ್ಲವನ್ನೂ ಹೊಂದಿಸಿ. ಹಾಡಿನ ಯಾವ ಸೆಕೆಂಡಿನಿಂದ ಶುರು ಮಾಡಿದಿರೆಂದು ಬರೆದಿಡಿ. ಹಾಡನ್ನು ಮ್ಯೂಟ್ ಮಾಡಿ, ಮಾತು ಮತ್ತು ಸದ್ದುಗಳಷ್ಟನ್ನೇ ಸೇರಿಸಿ ಎಕ್ಸ್‌ಪೋರ್ಟ್ ಮಾಡಿ. ಜಾಲತಾಣದಲ್ಲಿ ವಿಡಿಯೊ ಏರಿಸುವಾಗ ಅದೇ ಹಾಡನ್ನು ಅಲ್ಲಿನ ಸಂಗ್ರಹದಿಂದ ಆರಿಸಿ ಅದೇ ಸೆಕೆಂಡಿಗೆ ಹೊಂದಿಸಿ. ಅಲ್ಲಿ ಪ್ರಮಾಣವನ್ನು ಕ್ಷಣಕ್ಷಣಕ್ಕೆ ಬದಲಿಸಲು ಬಾರದಿದ್ದರೆ ಮಾತಿನ ಕೆಳಗೆ ಎಷ್ಟು ಬೇಕೋ ಅಷ್ಟಕ್ಕೇ ಹಾಡನ್ನು ಇಳಿಸಿಡಿ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಸಂಗೀತ, ಅಂದರೆ ಎಲ್ಲರೂ ಬಳಸಲೆಂದು ರಚಿಸಿದವರೇ ಬಿಟ್ಟುಕೊಟ್ಟ ಸಂಗೀತ, ಬಳಸುವವರು ಅಕ್ಷರಗಳನ್ನು ಗಮನಿಸಬೇಕು. ಸಿಸಿ ಝೀರೊ ಎಂದಿದ್ದರೆ ಯಾವ ಷರತ್ತೂ ಇಲ್ಲ. ಬಿವೈ ಎಂದಿದ್ದರೆ ರಚಿಸಿದವರ ಹೆಸರು ಹೇಳಬೇಕು. ಎನ್‌ಸಿ ಇದ್ದರೆ ವಾಣಿಜ್ಯ ಬಳಕೆ ಸಲ್ಲದು. ಎನ್‌ಡಿ ಎಂದಿದ್ದರೆ ಬದಲಾಯಿಸಿದ ರೂಪವನ್ನು ಹಂಚುವಂತಿಲ್ಲ. ಚಲಿಸುವ ಚಿತ್ರಕ್ಕೆ ಸಂಗೀತ ಹೊಂದಿಸುವುದನ್ನೂ ಆ ಪರವಾನಗಿ ಬದಲಾವಣೆ ಎಂದೇ ಪರಿಗಣಿಸುತ್ತದೆ. ಹೀಗಾಗಿ ಎನ್‌ಡಿ ಸಂಗೀತ ವಿಡಿಯೊಗೆ ಒದಗುವುದಿಲ್ಲ. ಈ ಕೊನೆಯ ಅಂಶವನ್ನು ಬಹಳ ಜನ ಗಮನಿಸುವುದೇ ಇಲ್ಲ.

ಹೊರತೆಗೆಯುವ ಮುನ್ನ ಕೇಳುವ ಕ್ರಮ

ಎಕ್ಸ್‌ಪೋರ್ಟ್ ಮಾಡುವಾಗ ಧ್ವನಿಯ ತುದಿ ಮೈನಸ್ 1 ಡೆಸಿಬೆಲ್ ದಾಟದಿರಲಿ. ಜಾಲತಾಣಗಳು ಕಡತವನ್ನು ಮತ್ತೆ ಕುಗ್ಗಿಸುವಾಗ ತುದಿಗಳು ಸ್ವಲ್ಪ ಏರುವುದುಂಟು, ಆ ಒಂದು ಡೆಸಿಬೆಲ್ ಅದಕ್ಕೆ ಬಿಟ್ಟ ಜಾಗ. ಒಟ್ಟಾರೆ ಜೋರನ್ನು ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಯೂಟ್ಯೂಬ್ ಸುಮಾರು ಮೈನಸ್ 14ಕ್ಕಿಂತ ಜೋರಾದ ವಿಡಿಯೊಗಳನ್ನು ತಾನೇ ತಗ್ಗಿಸುತ್ತದೆ, ಆದ್ದರಿಂದ ಅದಕ್ಕಿಂತ ಜೋರು ಮಾಡಿ ಗಳಿಸುವುದೇನೂ ಇಲ್ಲ. ನಿಮ್ಮ ಆ್ಯಪ್‌ನಲ್ಲಿ ಅಳತೆಪಟ್ಟಿ ಇಲ್ಲದಿದ್ದರೆ, ಹೊರತೆಗೆದ ಧ್ವನಿಯನ್ನು ಕಂಪ್ಯೂಟರ್‌ನಲ್ಲಿ ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ತೆರೆದು ನೋಡಿ. ಅಲೆಯ ತಲೆಗಳು ಚಪ್ಪಟೆಯಾಗಿ ಛಾವಣಿಗೆ ಅಂಟಿದ್ದರೆ ಅಲ್ಲೇ ಕಾಣುತ್ತದೆ.

ಆಮೇಲೆ ನಾಲ್ಕು ಸಲ ಕೇಳಿ, ಪ್ರತಿ ಸಲವೂ ಬೇರೆ ರೀತಿಯಲ್ಲಿ. ಮೊದಲು ಕಣ್ಣು ಮುಚ್ಚಿಕೊಂಡು: ಚಿತ್ರವಿಲ್ಲದೆಯೂ ಕಥೆ ಅರ್ಥವಾಗಬೇಕು. ಎರಡನೆಯದಾಗಿ ಮೊಬೈಲಿನ ಸ್ಪೀಕರ್‌ನಲ್ಲಿ, ಕೋಣೆಯಲ್ಲಿ ಫ್ಯಾನು ತಿರುಗುತ್ತಿರುವಾಗ. ಮೂರನೆಯದಾಗಿ ಮೊಬೈಲಿನ ಸೆಟ್ಟಿಂಗ್‌ನಲ್ಲಿ ಮೊನೊ ಆಯ್ಕೆ ಹಾಕಿಕೊಂಡು: ಎಡ ಬಲ ಎರಡೂ ಒಂದಾದಾಗ ಕೆಲವು 'ಅಗಲ'ವಾದ ಸಂಗೀತ ಮತ್ತು ಎಫೆಕ್ಟ್‌ಗಳು ಒಂದನ್ನೊಂದು ಅಳಿಸಿಕೊಂಡು ಮಾಯವಾಗುತ್ತವೆ. ನಾಲ್ಕನೆಯದಾಗಿ ಅತಿ ಸಣ್ಣ ಪ್ರಮಾಣದಲ್ಲಿ. ಜೋರು ಕಡಿಮೆಯಾದಂತೆ ಕೆಳ ಕಂಪನಗಳಿಗೆ ನಮ್ಮ ಕಿವಿ ಹೆಚ್ಚು ಮಂದವಾಗುತ್ತದೆ ಎಂಬುದನ್ನು ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಆ ಸಣ್ಣ ದನಿಯಲ್ಲೂ ಪ್ರತಿ ಪದ ತಿಳಿಯುತ್ತಿದ್ದರೆ ಮಾತಿಗೆ ಸಿಗಬೇಕಾದ ಜಾಗ ಸಿಕ್ಕಿದೆ.

ಸಾಧ್ಯವಾದರೆ ಒಂದು ರಾತ್ರಿ ಬಿಟ್ಟು, ಬೆಳಗಿನ ಹೊಸ ಕಿವಿಯಿಂದ ಇನ್ನೊಮ್ಮೆ ಕೇಳಿ. ಅಥವಾ ವಿವರಣೆಯನ್ನು ಹಿಂದೆ ಕೇಳಿರದ ಒಬ್ಬರಿಗೆ ಕೇಳಿಸಿ, ಅವರು ಎಲ್ಲಿ ಹುಬ್ಬು ಗಂಟಿಕ್ಕಿದರೆಂದು ನೋಡಿ ಆ ಸೆಕೆಂಡನ್ನು ಗುರುತು ಮಾಡಿಕೊಳ್ಳಿ.

ಪ್ರಕಟಿಸಿದ ಮೇಲೆ ಪ್ರಾಜೆಕ್ಟನ್ನು ಅಳಿಸಬೇಡಿ. ಮಾತು, ಚಿತ್ರೀಕರಣದ ಸದ್ದು, ಎಫೆಕ್ಟ್, ಸಂಗೀತ ನಾಲ್ಕನ್ನೂ ಬೇರೆ ಬೇರೆ ಕಡತಗಳಾಗಿ, ಎಲ್ಲವೂ ವಿಡಿಯೊದ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವಂತೆ ಹೊರತೆಗೆದು ಇಟ್ಟುಕೊಳ್ಳಿ. ಸಂಗೀತವನ್ನು ಡಕಿಂಗ್ ಮಾಡದ ರೂಪದಲ್ಲಿ ಇಡಿ. ಮುಂದೊಮ್ಮೆ ಅದೇ ವಿವರಣೆಯನ್ನು ಬೇರೊಂದು ಭಾಷೆಯಲ್ಲಿ ಓದಿ ಸೇರಿಸಬೇಕಾದಾಗ ನಾಲ್ಕನ್ನೂ ಸಾಲಾಗಿ ಇಟ್ಟು, ಮಾತಿನ ಕಡತವನ್ನು ಬದಲಿಸಿ, ಸಂಗೀತ ಬಾಗುವ ಬಿಂದುಗಳನ್ನು ಹೊಸ ಮಾತಿಗೆ ಹೊಂದಿಸಿಕೊಂಡರೆ ಕೆಲಸ ಮುಗಿಯುತ್ತದೆ.